ಕಡವಿನಲ್ಲಿ ಕೂಗಿದ ಹಾಗೆ

ಜೂನ್ 3
ಐರಿನ್‌ಗೆ ಮೂಗಿನ ಪೈಪಿನಲ್ಲಿ ಗಂಜಿತಿಳಿ ಹಾಕಿ ಆಯಿತು. ಮುಖ ಒರೆಸಿದೆ. ಸ್ಟ್ರೋಕ್ ಆದಂದಿನಿಂದ ತಂಗಿಯ ಕಣ್ಣು ಮೇಲೆ, ಮಾಡಿನ ಕಡೆಗೇ. ಕೈ ಹಿಡಿದು ಹೆಸರು ಕರೆಯಿರಿ, ಒತ್ತಲು ಹೇಳಿ — ಡಾಕ್ಟರು ಹೇಳಿದ್ದು ಅಷ್ಟೆ. ಕರೆದೆ. ಮತ್ತೆ ಕರೆದೆ. ಮತ್ತೆ. ಗಂಟಲು ಹರಿಯಿತು.
ಹೋಮ್ ನರ್ಸ್ ಮಹಾಲಕ್ಷ್ಮಿ ಗದಗದ ಕಡೆಯವಳು, ಹೆದರಿಕೆ ಇಲ್ಲ. "ಹಂಗ್ಯಾಕ ಒದರ್ತೀರಿ ಅಮ್ಮಾರ? ಐರಿನ್ ಅಕ್ಕಾರ ಕಿವಿ ಕೆಟ್ಟಿಲ್ರಿ."
ಚರ್ಚಿನ ಫಾದರ್ ಫೋನ್ ಮಾಡಿದರು, ಕೊನೆಗಾಲದ ಪವಿತ್ರ ಎಣ್ಣೆ ಹಚ್ಚಲು ಬರಲಿಕ್ಕಾ ಎಂದು. ಬೇಡ ಎಂದೆ. ಅದು ಹಚ್ಚಿದರೆ ನಾನೇ ಅವಳನ್ನು ಕಳಿಸಿಕೊಟ್ಟ ಹಾಗೆ.

ಜೂನ್ 4, ಸಂಜೆ
ಮಣಿಪಾಲದಿಂದ ಪ್ರಣೀತಾ ಬಂದಿದ್ದಳು. ಐರಿನ್‌ನ ಹಳೆಯ ಸ್ಟೂಡೆಂಟ್, ಈಗ ಅವಳೇ ಪ್ರೊಫೆಸರ್. ನಾನು ಕೂಗುವುದನ್ನು ಬಾಗಿಲಲ್ಲಿ ಕೇಳಿ ನಕ್ಕಳು.
"ಎಂತ ನಗುವುದು?"
"ಎಸ್ತರಕ್ಕ, ಮೇಡಂ ಕ್ಲಾಸಿನಲ್ಲಿ ನಿಮ್ಮ ಉದಾಹರಣೆಯೇ ಕೊಡುತ್ತಿದ್ದದ್ದು. ಉದ್ಯಾವರ ಹೊಳೆಯ ಕಡವಿನಲ್ಲಿ ನಮ್ಮಕ್ಕ ದೋಣಿಯವನನ್ನು ಕೂಗಿದ ಹಾಗೆ ಕಂಪ್ಯೂಟರ್ ಕೂಗಬಾರದು ಅಂತ. ಅವನು 'ಓ' ಎಂದದ್ದು ನಿಮ್ಮ ಗಲಾಟೆಯಲ್ಲೇ ಮುಳುಗುತ್ತಿತ್ತಂತೆ."
ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಎಂಬತ್ತರ ದಶಕದಲ್ಲಿ ಐರಿನ್ ಬೇರೆ ಬೇರೆ ಊರಿನ ಕಾಲೇಜುಗಳ ಕಂಪ್ಯೂಟರುಗಳನ್ನು ಫೋನ್ ಲೈನಿನಲ್ಲಿ ಸೇರಿಸಿದ್ದು ಗೊತ್ತು. ಹೇಗೆಂದು ಇವತ್ತು ತಿಳಿಯಿತು. ಒಂದು ಕಳಿಸಬೇಕು, ಇನ್ನೊಂದು ಸಿಕ್ಕಿತು ಎನ್ನಬೇಕು. ಎನ್ನದಿದ್ದರೆ ಕಾದು ಮತ್ತೆ ಕಳಿಸಬೇಕು. ಪ್ರತಿ ಸಲ ಹಿಂದಿನದರ ಎರಡರಷ್ಟು ಕಾಯಬೇಕು. ಆ ಲೈನಿಗೆ ಈ ಕಾಯುವ ಲೆಕ್ಕ ಬರೆದವಳು ನನ್ನ ತಂಗಿ.
"ಎಷ್ಟು ಸಲ?"
"ಆರು. ಆಮೇಲೆ ಲೈನ್ ಸತ್ತಿದೆ ಎಂದು ಬಿಡುವುದು."
"ಹಾಗಂತ ಯಾರು ಹೇಳಿದ್ದು?"
ಪ್ರಣೀತಾ ಮಂಚದ ಕಡೆ ನೋಡಿದಳು.
ಅವಳು ಹೋದ ಮೇಲೆ ಒಂದೇ ಸಲ ಕರೆದೆ. ಮೆಲ್ಲಗೆ. ಇಲ್ಲ.

ಜೂನ್ 5
ಕರೆದೆ. ಇಲ್ಲ.

ಜೂನ್ 7
ಇಲ್ಲ.

ಜೂನ್ 11
ಇಲ್ಲ. ಪ್ರಣೀತಾ ಫೋನಿನಲ್ಲಿ ಗದರಿದಳು — ಅದು ಸೆಕೆಂಡಿನ ಲೆಕ್ಕ ಎಸ್ತರಕ್ಕ, ನೀವು ದಿನ ಹಿಡಿದಿದ್ದೀರಲ್ಲ ಎಂದು. ನನಗೆ ಗೊತ್ತಿಲ್ಲವಾ? ಸೆಕೆಂಡಿನಲ್ಲಿ ಹಿಡಿದರೆ ಚಹಾ ಆರುವ ಮೊದಲು ಆರೂ ಮುಗಿಯುತ್ತದೆ.

ಜೂನ್ 19
ಐರಿನ್‌ಗೆ ಜ್ವರ. ಕರೆದೆ. ಇಲ್ಲ.
ಮಹಾಲಕ್ಷ್ಮಿ ಬಟ್ಟೆ ಹಿಂಡುತ್ತಾ ಹೇಳಿದಳು, "ಮೊನ್ನೆ ಬೆರಳು ಆಡಿದಂಗಾತ್ರಿ."
"ನೀನು ಒತ್ತಲು ಹೇಳಿದ್ದೆಯಾ?"
"ಇಲ್ರಿ. ಸುಮ್ನ ಕೈ ಹಿಡಕೊಂಡು ಕುಂತಿದ್ದೆ."
ಡಾಕ್ಟರಿಗೆ ಫೋನ್ ಮಾಡಿದೆ. ನರದ ಸೆಳೆತ, ಅದಕ್ಕೆ ಅರ್ಥವಿಲ್ಲ ಎಂದರು. ಫೋನ್ ಇಟ್ಟುಬಿಟ್ಟೆ.

ಜುಲೈ 5
ಅವಳ ಎದೆಯಲ್ಲಿ ಗೊರಗೊರ. ಉಸಿರು ಎಳೆಯುವುದಕ್ಕೂ ಬಿಡುವುದಕ್ಕೂ ನಡುವೆ ತುಂಬ ಹೊತ್ತು. ಫಾದರ್ ಚಾವಡಿಯಲ್ಲಿ ಕೂತಿದ್ದಾರೆ, ಎಣ್ಣೆಯ ಡಬ್ಬಿ ಮಡಿಲಲ್ಲಿ. ನಾನೇ ಬರಹೇಳಿದ್ದು.
ಆರನೆಯದು. ಫ್ಯಾನ್ ಆಫ್ ಮಾಡಿಸಿದೆ. ಕರೆದೆ. ಬಲಗೈಯಲ್ಲಿ ಅವಳ ಕೈ ಉಂಟು, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ಇರಲಿ.
"ಎಷ್ಟೊತ್ತು ಕಾಯೋದ್ರಿ ಅಮ್ಮಾರ?" — ಮಹಾಲಕ್ಷ್ಮಿ.
ಆರನೆಯದಕ್ಕೂ ಕಾಯಲಿಕ್ಕೆ ಉಂಟಲ್ಲ... ಈ ಹದಿನಾರು ದಿನದ ಎರಡರಷ್ಟು.
ಫಾದರ್ ಕೆಮ್ಮಿದರು. ಕೆಮ್ಮಬೇಡಿ ಎಂದೆ. ಗಲಾಟೆಯಲ್ಲಿ ಅವಳು ಓ ಎಂದರೆ