ಆಟ ಮುಗಿದ ಮೇಲೆ ಪ್ಲಾಟ್‌ಫಾರಂನಲ್ಲಿ

ಎಮರಿವಿಲ್, ಸೆಪ್ಟೆಂಬರ್ ೨೦೦೦

ಮಾವ,

ನಾಗಾರ್ಜುನ ಮತ್ತು ನಾನು ಬೇರೆಯಾದ ಮೇಲೆ ನಿಮ್ಮನ್ನು ನೋಡಿದ್ದು ನಿನ್ನೆಯೇ ಮೊದಲು. ಓಕ್‌ಲ್ಯಾಂಡಿನ ಬೇಸ್‌ಬಾಲ್ ಆಟ ಮುಗಿದು ಜನವೆಲ್ಲ ಸ್ಟೇಷನ್ನಿಗೆ ಬಂದಿತ್ತು. ನೀವು ನಮ್ಮ ತಂಡದ ಹಸಿರು ಟೋಪಿ ಹಾಕಿಕೊಂಡು, ಮಗ ನಾಗಾರ್ಜುನನ ಪಕ್ಕದಲ್ಲಿ ಡ್ಯಾನ್‌ವಿಲ್ ಕಡೆಯ ರೈಲಿಗೆ ಕಾಯುತ್ತಿದ್ದಿರಿ. ಅವನು ನನ್ನನ್ನು ಕಂಡು ಮುಖ ತಿರುಗಿಸಿದ. ನೀವು ಸೀದಾ ನನ್ನ ಹತ್ತಿರ ಬಂದಿರಿ.

“ಏನವ್ವ ಅಕ್ಷಯಾ, ಕೊನೇ ಸುತ್ತಿಗೆ, ಪ್ಲೇಆಫಿಗೆ ಹೋಯ್ತೀವಾ?”

“ಹೋಗ್ತೀವಿ ಮಾವ. ಎಡಗೈ ಹುಡುಗ ಇವತ್ತು ಎಷ್ಟು ಚೆನ್ನಾಗಿ ಎಸೆದ, ನೋಡಿದ್ರಲ್ಲ.”

“ಅವ್ನು ಸರಿ ಕಣವ್ವ. ಅವ್ನಾದ್ಮೇಲೆ ಬರೋವ್ರ ತೋಳೆಲ್ಲ ದಣಿದೋಗವೆ.”

ಅದು ನಿಜ. ಶುರುವಿನಲ್ಲಿ ಚೆಂಡೆಸೆಯುವ ಪಿಚರ್‌ಗಳು ಗಟ್ಟಿಯಾಗಿದ್ದಾರೆ, ಕೊನೆಯಲ್ಲಿ ಬಂದು ಗೆಲುವು ಕಾಯುವವರೇ ಸೋತಿದ್ದಾರೆ. ಹಾಗೆ ನೋಡುವುದನ್ನು ನನಗೆ ಕಲಿಸಿದವರೇ ನೀವು. ಕೆಳಗಿನ ಲೀಗಿನಿಂದ ಹೊಸದಾಗಿ ಬಂದಿರುವ ಹುಡುಗನ ಬಗ್ಗೆ ನಿಮ್ಮನ್ನು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ನನ್ನ ರೈಲು ಬಂತು.

“ಈಗ ಯಾರ್ ಜೊತೇಲಿ ಆಟ ನೋಡ್ತೀಯವ್ವ?” ಎಂದು ಕೇಳಿದಿರಿ.

“ಆಫೀಸಿನವರು ಇದ್ದಾರೆ ಮಾವ” ಎಂದು ಹೇಳಿ ಒಬ್ಬಳೇ ಹತ್ತಿದೆ.

ಬಾಗಿಲು ಮುಚ್ಚಿತು. ರೈಲು ಹೊರಡುವವರೆಗೂ ನೀವು ಹೊರಗಿನಿಂದ ಕಿಟಕಿಯತ್ತ ಬಗ್ಗಿ, ನನ್ನ ಜೊತೆ ಯಾರಿದ್ದಾರೆಂದು ಹುಡುಕುತ್ತಿದ್ದಿರಿ.

ಅಕ್ಷಯಾ