ಬಾಗಿಲ ಮುಂದಿನ ಕೆಮ್ಮು

ಬೇವೂರು, ೧೯೪೮ರ ಶ್ರಾವಣ

ಗಡಿಯಾಚೆಯ ಶಿಬಿರದಲ್ಲಿರುವ ತೀರ್ಥರೂಪ ಅಪ್ಪನವರ ಪಾದಗಳಿಗೆ, ಮನೆಯ ಹಾಲಿ ಯಜಮಾನ ಕಳಕಪ್ಪನ ಸಾಷ್ಟಾಂಗ ನಮಸ್ಕಾರ.

ನಮ್ಮ ನಾಯಿ, ಮಹಾಮೌನಿ ಕರಿಯ, ವ್ರತ ಮುರಿದಿದ್ದಾನೆ. ನೀವು ನಿಜಾಮನ ರಜಾಕಾರರ ಕಣ್ಣು ತಪ್ಪಿಸಿ ಹೋದಂದಿನಿಂದ, ರಾತ್ರಿ ನಾವು ದೀಪ ಆರಿಸಿದೊಡನೆ ಬಾಗಿಲಿಗೆ ಮುಖಮಾಡಿ ಬೊಗಳುತ್ತಾನೆ. ಪಕ್ಕದ ಮನೆಯ ಅಮರಪ್ಪ ಕಾಕಾ ಅವ್ವನಿಗೆ, "ವೈನಿ, ಮನ್ಯಾಗ ಗಂಡಸಿಲ್ಲಂತ ನಿಮ್ಮ ನಾಯೇ ಡಂಗುರ ಹೊಡ್ಯಾಕತ್ತೈತಿ. ರಜಾಕಾರರ ಕಿವಿಗೆ ಬೀಳೋದ್ರೊಳಗ ಅದನ್ನ ಕೊಂದ ಬಿಡ್ರಿ" ಎಂದ. ಮೀಸೆ ಚಿಗುರುತ್ತಿರುವ ನನಗೆ ಘೋರ ಅವಮಾನವಾಯಿತು.

ಕರಿಯನನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ನಡೆಸಿದೆ. ಹೊಲದಿಂದ ಬಂದ ನೀವು ಬಾಗಿಲಲ್ಲಿ ಕೆಮ್ಮಿಯೇ ಒಳಗೆ ಬರುತ್ತಿದ್ದಿರಿ. ಆ ಕೆಮ್ಮು ಕೇಳಿದ ಮೇಲೆಯೇ ಅವನು ಮಲಗುತ್ತಿದ್ದ. ಈಗ ಕೆಮ್ಮಿಲ್ಲದೆ ಬಾಗಿಲು ಹಾಕುತ್ತೇವೆ. ಒಬ್ಬರು ಹೊರಗೇ ಉಳಿದಿದ್ದಾರೆಂಬುದು ಅವನ ತಕರಾರು.

ಮದ್ದು ಸುಲಭವೆಂದು ನಿನ್ನೆ ರಾತ್ರಿ ನಾನೇ ಹೊರಗೆ ನಿಂತು ನಿಮ್ಮಂತೆ ಕೆಮ್ಮಿದೆ. ಕರಿಯ ಬಂದು ನನ್ನ ಕಾಲು ಮೂಸಿ ಮತ್ತೆ ಬೊಗಳತೊಡಗಿದ. ಮೋಸಹೋದವಳು ಅವ್ವ. ಕಾಲು ತೊಳೆಯಲು ನೀರಿನ ಚರಿಗೆ ಹಿಡಿದು ಓಡಿಬಂದಳು. ನನ್ನನ್ನು ಕಂಡು ಬೈಯಲಿಲ್ಲ. ಆ ನೀರನ್ನು ಕರಿಯನ ಮುಂದಿಟ್ಟು ಒಳಗೆ ಹೋದಳು.

ಈ ಪತ್ರ ತರುವ ಗ್ಯಾನಪ್ಪನ ಜೊತೆ ಕರಿಯನನ್ನೂ ಕಳಿಸಿದ್ದೇನೆ. ಬಾಗಿಲಿಲ್ಲದ ದಾರಿಯಲ್ಲಿ ಅವನು ಬೊಗಳುವುದಿಲ್ಲ. ದಯಮಾಡಿ ಅವನೆದುರು ಒಮ್ಮೆ ಕೆಮ್ಮಿರಿ, ನಿದ್ದೆ ಮಾಡಿಯಾನು. ಅವ್ವನಿಗೆ ಏನು ಮಾಡಬೇಕೆಂದು ನನಗೆ ತಿಳಿಯದು.

ಇನ್ನೆಂದೂ ಕೆಮ್ಮದ ನಿಮ್ಮ ಮಗ,
ಕಳಕಪ್ಪ