ಮಧ್ಯಾಹ್ನದ ಮೊಳೆಗಳು

ಮೊಳೆ ಕಾರ್ಖಾನೆ, ತಪಾಸಣೆ ಕೋಣೆ
ಶನಿವಾರ, ತಾರೀಖು ಹದಿನೆಂಟು, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲಿನ ನೋವು ಇಳಿಯಿತೇ, ಇಲ್ಲಾ ನೋವು ಇಳಿಯಲೊಲ್ಲದೆ ನೀನೇ ಮೆಟ್ಟಿಲು ಇಳಿಯುವುದನ್ನು ಬಿಟ್ಟೆಯಾ? ಪುಟ್ಟಿಗೆ ಮುಂದಿನ ಎರಡು ಹಲ್ಲು ಬಂದವೇ? ಭಾವ ಹೇಗಿದ್ದಾರೆ? ಈ ಕೊನೆಯ ಪ್ರಶ್ನೆಯನ್ನು ಎಲ್ಲರೂ ವಾಡಿಕೆಗೆ ಕೇಳಿ, ಉತ್ತರ ಬರುವ ಮುಂಚೆ ಮುಂದಿನ ಸಾಲಿಗೆ ಹೋಗುತ್ತಾರೆ. ನಾನು ಇವತ್ತು ನಿಜವಾಗಿ ಕೇಳುತ್ತಿದ್ದೇನೆ. ಎರಡು ದಿನದಿಂದ ಅದೊಂದನ್ನೇ ಕೇಳಿಕೊಳ್ಳುತ್ತಿದ್ದೇನೆ.

ತಲೆ ಹೋಗುವಂಥ ವಿಷಯವೇನಲ್ಲ ಎಂದು ಶುರುಮಾಡೋಣವೆಂದುಕೊಂಡಿದ್ದೆ. ಆದರೆ ಇದು ತಲೆ ಹೋಗುವ ವಿಷಯವೇ. ಗಡಿಯಾರದ ಗೋಪುರದ ರಿಪೇರಿಗೆಂದು ಭಾವ ಸುತ್ತಲೂ ಹಲಗೆಯ ಅಟ್ಟಣಿಗೆ ಕಟ್ಟಿದ್ದಾರಲ್ಲ, ಒಂದರ ಮೇಲೊಂದು ಮೂರು, ಅವಕ್ಕೆಲ್ಲ ಹೊಡೆದದ್ದು ನಮ್ಮ ಕಾರ್ಖಾನೆಯ ಮೊಳೆ. ನಾನೇ ಶಿಫಾರಸು ಮಾಡಿ, ನಾನೇ ಮೊಹರು ಹಾಕಿ ಕಳಿಸಿದ ಎಂಟು ಪೆಟ್ಟಿಗೆ. ಆ ಮೊಳೆಗಳಲ್ಲಿ ಕೆಲವಕ್ಕೆ ತಲೆ ನಿಲ್ಲುವುದಿಲ್ಲ ಅಕ್ಕಾ. ಭಾರ ಬಿದ್ದರೆ ಕಳಚಿಕೊಳ್ಳುತ್ತದೆ. ತಲೆ ಹೋದ ಮೊಳೆ ಹಲಗೆಯನ್ನು ಹಿಡಿದಿಡುವುದಿಲ್ಲ. ಬೆರಳಿನಿಂದ ಉಂಗುರ ಜಾರಿದ ಹಾಗೆ ಹಲಗೆ ಜಾರಿ ಬರುತ್ತದೆ. ಸೋಮವಾರ ಬೆಳಿಗ್ಗೆ ಎಂಟು ಜನ ಗಾರೆಯವರು ಕಲ್ಲು ಹೊತ್ತು ಅದನ್ನು ಹತ್ತುತ್ತಾರೆಂದು ಭಾವ ಬರೆದಿದ್ದರು. ಅವರ ಮುಂದೆ ಭಾವ ಹತ್ತುತ್ತಾರೆ. ತಾನು ಕಟ್ಟಿದ್ದರ ಮೇಲೆ ಮೊದಲು ತಾನೇ ನಿಲ್ಲಬೇಕೆಂಬ ಅವರ ಛಲ ನಿನಗೆ ಗೊತ್ತು. ಮಧ್ಯಾಹ್ನ ಪುಟ್ಟಿ ಅವರಿಗೆ ಬುತ್ತಿ ತಂದು ಸರಿಯಾಗಿ ಅದರ ಕೆಳಗೇ ನಿಂತು ಕೂಗುತ್ತಾಳೆ.

ಭಾವ ಇದನ್ನು ನಂಬುವುದಿಲ್ಲ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ನನ್ನ ಕಾಗದ ಬಂದರೆ ಅವರು ಕೆಲಸದವರನ್ನೆಲ್ಲ ಸುತ್ತ ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತಾರೆ, ಓದುವ ಮುಂಚೆಯೇ ಅರ್ಧ ನಗು ಮುಗಿದಿರುತ್ತದೆ. ತಪ್ಪು ನನ್ನದೇ. ಹೋದ ವರ್ಷ ನಮ್ಮ ಯಂತ್ರ ಎರಡು ತಲೆಯ ಮೊಳೆ ಹೆತ್ತಿದೆ, ತಾಯಿ ಮಗು ಕ್ಷೇಮ ಎಂದು ನಾನು ಬರೆದಾಗ ಪಾಪ ಅರ್ಧ ದಿನದ ದಾರಿ ಬಂದು ಕಾರ್ಖಾನೆಯ ಬಾಗಿಲಲ್ಲಿ "ಎಲ್ಲಿ ಆ ಕೂಸು?" ಎಂದು ಕೇಳಿದವರು ಅವರು. ಅಂದಿನಿಂದ ನಾನು ಬೆಂಕಿ ಬಿದ್ದಿದೆ ಎಂದರೂ ಬೀಡಿ ಹಚ್ಚಿಕೊಳ್ಳಲು ಬರುವವರು. ಜೊತೆಗೆ ಹೆದರಿದಾಗ ನನಗೆ ಇನ್ನಷ್ಟು ತಮಾಷೆ ಬರುತ್ತದೆ, ಕೆಲವರಿಗೆ ಬಿಕ್ಕಳಿಕೆ ಬರುವ ಹಾಗೆ. ಈ ಕಾಗದದಲ್ಲೂ ನಡುನಡುವೆ ಬಂದರೆ ಅದನ್ನು ಬಿಕ್ಕಳಿಕೆ ಎಂದೇ ತಿಳಿದುಕೊ.

ಏನಾಯಿತೆಂದು ಹೇಳಲು ಯಂತ್ರ ಹೇಗೆ ಮೊಳೆ ಮಾಡುತ್ತದೆಂದು ಮೊದಲು ಹೇಳಬೇಕು. ಅಜ್ಜ ಕುಲುಮೆಯಲ್ಲಿ ಕಂಬಿ ಕಾಯಿಸಿ, ಒಂದೊಂದಕ್ಕೂ ನಾಲ್ಕು ಪೆಟ್ಟು ಹಾಕಿ ತಲೆ ಕೂರಿಸುತ್ತಿದ್ದದ್ದು ನೆನಪಿದೆಯಲ್ಲ? ಇಲ್ಲಿ ಕಾಯಿಸುವ ಮಾತೇ ಇಲ್ಲ. ಸುರುಳಿಯಿಂದ ತಂತಿ ಬರುತ್ತದೆ, ಉರುಳೆಗಳ ನಡುವೆ ನುಸುಳಿ ನೆಟ್ಟಗಾಗುತ್ತದೆ, ಎರಡು ಉಕ್ಕಿನ ದವಡೆ ಅದರ ಕತ್ತನ್ನು ಕಚ್ಚಿ ಹಿಡಿಯುತ್ತವೆ. ಹೊರಗೆ ಉಳಿದ ಚೂರು ತುದಿಯ ಮೇಲೆ ಸುತ್ತಿಗೆ ಒಂದೇ ಪೆಟ್ಟು ಹಾಕುತ್ತದೆ; ತಣ್ಣಗಿನ ಕಬ್ಬಿಣ ಚಪ್ಪಟೆಯಾಗಿ ತಲೆಯಾಗುತ್ತದೆ. ಇನ್ನೊಂದು ಕಡೆಯಿಂದ ಕತ್ತರಿ ಬಂದು ಚೂಪು ಮಾಡಿ ಕತ್ತರಿಸುತ್ತದೆ, ಟಣ್ ಎಂದು ತೊಟ್ಟಿಗೆ ಬೀಳುತ್ತದೆ. ಚಕ್ರ ಒಂದು ಸುತ್ತು ಬಂದರೆ ಒಂದು ಮೊಳೆ. ನಾನು ಈ ಪ್ಯಾರಾ ಬರೆಯುವಷ್ಟರಲ್ಲಿ ಗೋಡೆಯಾಚೆ ಐನೂರು ಬಿದ್ದಿರಬೇಕು. ಕಾಲೇಜು ಓದಿದವನು, ತಲೆ ಇದೆ ಎಂದು ನನ್ನನ್ನು ಇಲ್ಲಿ ಕೂರಿಸಿದರು, ಮೊಳೆಗಳಿಗೆ ತಲೆ ಇದೆಯೇ ಎಂದು ನೋಡಲು. ದಿನಾ ಬೆಳಿಗ್ಗೆ ಯಂತ್ರ ನಡೆಸುವಾತ ಆ ದಿನದ ಮೊದಲ ಹಿಡಿ ಮೊಳೆ ತಂದುಕೊಡುತ್ತಾನೆ. ಅದರಲ್ಲಿ ಹತ್ತನ್ನು ಮರದ ದಿಮ್ಮಿಗೆ ಹೊಡೆದು ಮೀಟಿ ಕೀಳುತ್ತೇನೆ. ಹತ್ತೂ ತಲೆ ಉಳಿಸಿಕೊಂಡರೆ ಆ ದಿನದ ಎಲ್ಲ ಪೆಟ್ಟಿಗೆಗೂ ಮೊಹರು, ಒಳಗೊಂದು ಚೀಟಿ: "ಬೆಳಿಗ್ಗೆ" ಅಥವಾ "ಮಧ್ಯಾಹ್ನ". ಎರಡು ವರ್ಷದಿಂದ ಒಂದೇ ಒಂದು ತಲೆ ಮುರಿದಿಲ್ಲ. ಅದಕ್ಕೆ ನಾನು ಮೀಸೆ ತಿರುವಿಕೊಂಡು ಓಡಾಡುತ್ತಿದ್ದೆ.

ಗುರುವಾರ ಸಂಜೆ ಒಂದು ಪೆಟ್ಟಿಗೆಯ ಮುಚ್ಚಳ ಸೊಟ್ಟಗೆ ಕೂತಿತ್ತು. ಹೊಡೆದ ಮೊಳೆಯನ್ನು ಕಿತ್ತು ಮತ್ತೆ ಹೊಡೆಯೋಣವೆಂದು ಮೀಟಿದೆ. ತಲೆ ಕೈಗೆ ಬಂತು, ಮೊಳೆ ಮರದಲ್ಲೇ ಉಳಿಯಿತು. ಯಾವುದೋ ಒಂದು ಕೆಟ್ಟದ್ದೆಂದು ಇನ್ನೊಂದನ್ನು ಮೀಟಿದೆ. ಅದೂ ಹಾಗೇ. ಮುಚ್ಚಳದಲ್ಲಿದ್ದ ಹನ್ನೆರಡರಲ್ಲಿ ಎಂಟರ ತಲೆ ಮೇಜಿನ ಮೇಲೆ ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು. ಅವು ಅದೇ ದಿನ ಊಟವಾದ ಮೇಲೆ ಬಿದ್ದ ಮೊಳೆಗಳು.

ನಿನ್ನೆ ಇಡೀ ದಿನ ಯಂತ್ರದ ಪಕ್ಕದಲ್ಲೇ ನಿಂತಿದ್ದೆ. ಅದನ್ನು ನಡೆಸುವಾತನನ್ನು ನಾವೆಲ್ಲ ಗುಡುಗಣ್ಣ ಎನ್ನುತ್ತೇವೆ. ಮೂವತ್ತು ವರ್ಷ ಆ ಸದ್ದಿನ ಪಕ್ಕ ನಿಂತು ಕಿವಿ ಮಂದವಾಗಿ, ಗುಟ್ಟು ಹೇಳಿದರೂ ಮೂರು ಬೀದಿಗೆ ಕೇಳಿಸುವ ಮನುಷ್ಯ. ಬಹಳ ಒಳ್ಳೆಯವನು, ನನ್ನನ್ನು ಕಂಡರೆ ಮಗನಷ್ಟು ಅಕ್ಕರೆ, ಕರೆಯುವುದು ಮಾತ್ರ "ಕಾಲೇಜಪ್ಪಾ" ಎಂದು. ಊಟದ ಗಂಟೆ ಆದಮೇಲೆ ಅವನು ಸ್ಪ್ಯಾನರ್ ತೆಗೆದುಕೊಂಡು ದವಡೆಯ ಬೋಲ್ಟಿಗೆ ಅರ್ಧ ಸುತ್ತು ಕೊಟ್ಟ. ಯಾಕೆಂದು ಕೇಳಿದೆ. "ಮಧ್ಯಾಹ್ನ ಆಯ್ತು ಅಂದ್ರೆ ಇದಕ್ಕೂ ತೂಕಡಿಕೆ ಕಾಲೇಜಪ್ಪಾ! ಮೈ ಬಿಸಿಯಾಗಿ ಎಣ್ಣೆ ನೀರಾಗುತ್ತೆ, ತಂತಿ ಜಾರುತ್ತೆ. ಸ್ವಲ್ಪ ಕಿವಿ ಹಿಂಡ್ತೀನಿ, ಅಷ್ಟೇ. ಸಾಯಂಕಾಲ ಮತ್ತೆ ಸಡಿಲ ಮಾಡೇ ಮನೆಗೆ ಹೋಗೋದು" ಎಂದು ಗುಡುಗಿದ. ಅವನಿಗೆ ಅದು ಅಡುಗೆಯವಳು ಉಪ್ಪು ಉದುರಿಸಿದಷ್ಟು ಸಹಜ. ಆದರೆ ಹಾಗೆ ಬಿಗಿ ಮಾಡಿದಾಗ ದವಡೆ ತಂತಿಯ ಕತ್ತನ್ನು ಹಿಡಿಯುವುದಿಲ್ಲ, ಕಡಿಯುತ್ತದೆ. ತಲೆಯ ಕೆಳಗೆ ಕೂದಲಿನಷ್ಟು ಸಣ್ಣ ಗಾಯ. ಕಣ್ಣಿಗೆ ಕಾಣುವುದಿಲ್ಲ, ಉಗುರು ಆಡಿಸಿದರೆ ತಿಳಿಯುತ್ತದೆ. ನಾನು ಪರೀಕ್ಷೆ ಮಾಡುವುದು ಬೆಳಗಿನ ಹಿಡಿ, ಗಾಯವಾಗುವುದು ಮಧ್ಯಾಹ್ನದವಕ್ಕೆ. ಎರಡು ವರ್ಷ ಆರೋಗ್ಯವಂತರ ನಾಡಿ ಹಿಡಿದುಕೊಂಡು ಕೂತಿದ್ದ ವೈದ್ಯ ನಾನು.

ನಿನ್ನೆಯಿಂದ ಕಣ್ಣು ಮುಚ್ಚಿದರೆ ಹಲಗೆ ಕಾಣುತ್ತದೆ. ಹಲಗೆಯ ಮೇಲೆ ಭಾವನ ಹಳೆಯ ಬೂಟು, ಎಡಗಾಲಿನದಕ್ಕೆ ನೀನು ಹೊಲಿಗೆ ಹಾಕಿದ್ದೀಯಲ್ಲ ಅದು. ಆ ಹಲಗೆ ಒಂದು ಬೆರಳಿನಷ್ಟು ಸರಿಯುತ್ತದೆ. ಅಲ್ಲಿಗೆ ನಾನು ಎದ್ದು ಕೂರುತ್ತೇನೆ. ಮುಂದಿನದನ್ನು ನೋಡುವ ಧೈರ್ಯ ನನಗಿಲ್ಲ.

ಈಗ ಗಮನವಿಟ್ಟು ಓದು. ಹಿಂದಿನ ಕಾಗದದಲ್ಲಿ ಭಾವ ನನ್ನ ಚೀಟಿಗಳನ್ನು ಹಾಸ್ಯ ಮಾಡಿದ್ದರು: "ನಿನ್ನ ಮೊಳೆಗಳಿಗೂ ಹೊತ್ತುಹೊತ್ತಿನ ಊಟ ಇದೆಯೇನೋ? ಬೆಳಗಿನದನ್ನು ಕೆಳಗಿನ ಎರಡು ಅಟ್ಟಣಿಗೆಗೆ ಬಡಿಸಿದೆ, ಮಧ್ಯಾಹ್ನದ್ದು ಪೂರಾ ಮೇಲಿನದಕ್ಕೆ." ಆ ತಮಾಷೆಯೇ ಈಗ ನಮ್ಮನ್ನು ಕಾಪಾಡುತ್ತದೆ. ಕೆಟ್ಟಿರುವುದು ಮೂರನೆಯ ಅಟ್ಟಣಿಗೆ ಮಾತ್ರ. ಅದರ ಮೇಲೆ ಯಾರೂ ಕಾಲಿಡಬಾರದು. ಭಾನುವಾರವೇ ಭಾವ ಎರಡನೆಯದರ ಮೇಲೆ ನಿಂತು ಮೇಲಿನದನ್ನು ಬಿಚ್ಚಲಿ, ಎರಡನೆಯದು ಭದ್ರವಾಗಿದೆ. ಉಳಿದಿರುವ ಬೆಳಗಿನ ಪೆಟ್ಟಿಗೆಯ ಮೊಳೆಯಿಂದ ಮತ್ತೆ ಹೊಡೆಯಲಿ. ನಂಬದಿದ್ದರೆ ಅವರಿಗೆ ಮಾತು ಬೇಡ, ಸುತ್ತಿಗೆ ಕೊಡು. ಇದರ ಜೊತೆ ಎರಡು ಮೊಳೆ ಇಡುತ್ತೇನೆ, ಒಂದು ಮಧ್ಯಾಹ್ನದ್ದು, ಒಂದು ಬೆಳಗಿನದು. ಎರಡನ್ನೂ ಹೊಸಿಲಿಗೆ ಹೊಡೆದು ಕೀಳಲಿ. ಕೈಯಲ್ಲಿ ಹಿಡಿದದ್ದನ್ನು ಭಾವ ಎಂದೂ ಅಲ್ಲಗಳೆದವರಲ್ಲ.

ನೀನೇ ಓಡಿ ಬರಬಾರದಿತ್ತೇ ಎಂದು ಕೇಳುತ್ತೀಯ. ಗೋದಾಮಿನಲ್ಲಿ ನಲವತ್ತು ಪೆಟ್ಟಿಗೆ ಸಂಜೆಯ ರೈಲಿಗೆ ಕಾಯುತ್ತಿವೆ. ಯಜಮಾನರು ಊರಲ್ಲಿಲ್ಲ. ಗುಮಾಸ್ತರು ಗಂಟೆಗೊಮ್ಮೆ ಬಂದು "ಒಂದು ಮೊಹರು ಒತ್ತೋಕೆ ಇಷ್ಟು ಹೊತ್ತಾ ಸ್ವಾಮಿ?" ಎಂದು ಬಾಗಿಲಲ್ಲಿ ನಿಲ್ಲುತ್ತಾರೆ. ನಾನು ಎದ್ದು ಹೋದರೆ ಮೊಹರಿಲ್ಲದೆಯೇ ರೈಲಿಗೆ ಹೇರಿಸಿಬಿಡುತ್ತಾರೆ. ಆ ನಲವತ್ತು ಪೆಟ್ಟಿಗೆ ಯಾರ ಯಾರ ಛಾವಣಿಗೋ, ಯಾರ ಮಗುವಿನ ತೊಟ್ಟಿಲಿಗೋ. ಆದ್ದರಿಂದ ಮೊಹರನ್ನು ಜೇಬಿನಲ್ಲಿಟ್ಟುಕೊಂಡು, ಮೊಟ್ಟೆಯ ಮೇಲೆ ಕೂತ ಕೋಳಿಯಂತೆ ಕೂತಿದ್ದೇನೆ, ಕೆಲಸ ಹೋದರೂ ಹೋಗಲಿ ಎಂದು. ದಿನಕ್ಕೆ ಹತ್ತು ಮೈಲಿ ತಂತಿ ನುಂಗುವ ಕಾರ್ಖಾನೆಯಲ್ಲಿದ್ದೂ ನಿನಗೊಂದು ತಂತಿ ಕಳಿಸಲಾಗಲಿಲ್ಲ ನೋಡು. ನಿಮ್ಮೂರಿಗೆ ತಂತಿ ಕಚೇರಿಯೇ ಇಲ್ಲ. ಹನ್ನೆರಡಕ್ಕೆ ಸಾಮಾನಿನ ಗಾಡಿ ಆ ಕಡೆ ಹೊರಡುತ್ತದೆ, ನಾಳೆ ಬೆಳಗಿನ ಹೊತ್ತಿಗೆ ತಲುಪುತ್ತದೆ. ಗಾಡಿಯವನ ಕೈಗೆ ಕೊಡುತ್ತೇನೆ, ನಿನ್ನ ಕೈಗೇ ಕೊಡಬೇಕೆಂದು ಆಣೆ ಹಾಕಿಸಿಕೊಂಡು.

ನೀನು ಒಮ್ಮೆ ಬೈದು ಬರೆ, ನನಗೆ ಸಮಾಧಾನವಾಗುತ್ತದೆ. ಭಾವನಿಗೆ ನನ್ನ ನಮಸ್ಕಾರವನ್ನು ಅವರು ಕೆಳಗಿರುವಾಗಲೇ ಹೇಳು. ಪುಟ್ಟಿಯ ಹೊಸ ಹಲ್ಲುಗಳಿಗೆ ಒಂದೊಂದು ಮುತ್ತು. ನಿನ್ನ ಹರಸುವ ಕೈ ಈ ಪೆದ್ದನ ತಲೆಯ ಮೇಲೆ ಇರಲಿ.

ನಿನ್ನ ತಮ್ಮ,
ಮನೆಮಂದಿಯ ಕೋಡಂಗಿ

ತಾ.ಕ.: ಅಕ್ಕಾ, ಮೇಲೆ ಬರೆದದ್ದು ತಪ್ಪು. ಮತ್ತೆ ಬರೆಯಲು ಹೊತ್ತಿಲ್ಲ, ಗಾಡಿಯವ ಬಾಗಿಲಲ್ಲಿದ್ದಾನೆ. ಲಕೋಟೆಯಲ್ಲಿ ಇಡಲು ಬೆಳಗಿನ ಮೊಳೆ ಒಂದು ಕೊಡು ಎಂದು ಗುಡುಗಣ್ಣನ ಹತ್ತಿರ ಹೋದೆ. ಅವನು ತೊಟ್ಟಿಗೆ ಕೈ ಹಾಕಲಿಲ್ಲ, ಬೆಂಚಿನ ಕೆಳಗಿನಿಂದ ಒಂದು ದೊಡ್ಡ ಡಬ್ಬಿ ಎಳೆದ. ಇದೇನೆಂದೆ. "ಪರೀಕ್ಷೆಗೆ ನಿಮಗೆ ಕೊಡೋದು ಇದ್ರಿಂದ್ಲೇ ಅಲ್ವಾ ಕಾಲೇಜಪ್ಪಾ! ಹೊಸ ದವಡೆ ಹಾಕಿದ ದಿನ ಆರಿಸಿ ತುಂಬಿಟ್ಟಿದ್ದೆ. ಪಾಪ ಓದಿದ ಹುಡುಗ, ಒಂದು ಮುರಿದ್ರೂ ಊಟ ಬಿಡ್ತೀರಿ" ಎಂದ, ನಗುತ್ತಾ. ಎರಡು ವರ್ಷದಿಂದ ದಿನಾ ನಾನು ಕಿತ್ತದ್ದು ಆ ಡಬ್ಬಿಯ ಮೊಳೆ. ಇವತ್ತಿನ ತೊಟ್ಟಿಯಿಂದ ನಾನೇ ಐದು ತೆಗೆದು ಈಗ ಹೊಡೆದು ಕಿತ್ತೆ, ಬೋಲ್ಟ್ ಸಡಿಲವಿರುವಾಗಲೇ ಬಿದ್ದ ಮೊಳೆ. ಮೂರರ ತಲೆ ಹೋಯಿತು. ದವಡೆಯೇ ಸವೆದು ಚೂಪಾಗಿದೆ. ಬೆಳಗಿನದೂ ಮಧ್ಯಾಹ್ನದ್ದೂ ಎಲ್ಲ ಒಂದೇ; ಲಕೋಟೆಯಲ್ಲಿ ಮಧ್ಯಾಹ್ನದ ಮೊಳೆ ಮಾತ್ರ ಇಟ್ಟಿದ್ದೇನೆ. ಎರಡನೆಯದು ಭದ್ರ ಎಂದು ಬರೆದಿದ್ದೇನಲ್ಲ, ಆ ಸಾಲನ್ನು ಭಾವ ಓದಬಾರದು, ಓದಿದರೆ ನಾಳೆಯೇ ಅದರ ಮೇಲೆ ನಿಲ್ಲುತ್ತಾರೆ. ಮೂರು ಅಟ್ಟಣಿಗೆಯ ಮೇಲೂ ಯಾರೂ ಕಾಲಿಡಬಾರದು, ಅವುಗಳ ಕೆಳಗೆ ಪುಟ್ಟಿ ಹೋಗಬಾರದು. ಯಾರನ್ನಾದರೂ ಕರೆದು ಅಟ್ಟಣಿಗೆ ಹತ್ತುವ ಏಣಿ ತೆಗೆಸು. ಮೊದಲು ಏಣಿ ತೆಗೆಸು ಅಕ್ಕಾ, ಭಾವನಿಗೆ ಹೇಳುವುದು ಆಮೇಲೆ.